ಕಿಚನರ್ ಸ್ಟಿಚ್ ಎಂಬ ಹೆಸರು ನನಗೆ ಬೇಡ

ಸಾಕ್ಸ್ ಹೆಣೆಯುವವರಿಗೆಲ್ಲ ಕಿಚನರ್ ಸ್ಟಿಚ್ ಗೊತ್ತಿರುತ್ತದೆ. ಬೆರಳಿನ ಕಡೆಯ ತುದಿಯನ್ನು ಗಂಟಿಲ್ಲದೆ, ಉಬ್ಬಿಲ್ಲದೆ ಮುಚ್ಚುವ ಹೊಲಿಗೆ ಅದು. ಆ ಹೊಲಿಗೆ ನನಗೆ ತುಂಬ ಇಷ್ಟ. ಆ ಹೆಸರನ್ನು ಮಾತ್ರ ನಾವು ಹೆಣೆಯುವವರು ಬಿಡಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತಿದ್ದಾಗ ಓದಿ.

ನಮ್ಮ ಬಡಾವಣೆಯಲ್ಲಿ ಕೆಲವು ಹೆಂಗಸರು ಸೇರಿಕೊಂಡು ಹೆಣೆಯುತ್ತೇವೆ. ಈಚೆಗೆ ಸೇರಿದ ಒಬ್ಬ ಹುಡುಗಿ ಕೇಳಿದಳು: "ಆಂಟಿ, ಕಿಚನರ್ ಅಂದ್ರೆ ಕಿಚನ್‌ನಲ್ಲಿ ಕೂತು ಹಾಕ್ತಿದ್ದ ಹೊಲಿಗೆನಾ?"

"ಅಲ್ಲ ಕಣಮ್ಮ, ಅದು ಒಬ್ಬ ಬ್ರಿಟಿಷ್ ಸೇನಾಪತಿ ಹೆಸರು."

"ಸೇನಾಪತಿ ಸಾಕ್ಸ್ ಹೆಣೀತಿದ್ರಾ?"

ಕೇಳಬೇಕಾದ ಪ್ರಶ್ನೆಯನ್ನೇ ಅವಳು ಕೇಳಿದ್ದಳು. ಇಂಟರ್ನೆಟ್ಟಿನಲ್ಲಿ ಸಿಗುವ ಪ್ಯಾಟರ್ನ್‌ಗಳಲ್ಲಿ ಈ ಹೆಸರು ಸಾಲು ಸಾಲಾಗಿ ಬರುತ್ತದೆ. ಆ ಮನುಷ್ಯ ಯಾರು, ನಮ್ಮ ಸಾಕ್ಸ್ ತುದಿಗೆ ಯಾಕೆ ಬಂದ ಅಂತ ಹೆಚ್ಚಿನವರು ಕೇಳುವುದಿಲ್ಲ.

ಹೆಣೆಯದವರಿಗಾಗಿ ಮೊದಲು ಆ ಹೊಲಿಗೆಯ ಬಗ್ಗೆ ಹೇಳುತ್ತೇನೆ. ಸಾಕ್ಸನ್ನು ಮೇಲಿನಿಂದ, ಅಂದರೆ ಮೀನಖಂಡದ ಕಡೆಯಿಂದ ಶುರು ಮಾಡುತ್ತೇವೆ. ಸುತ್ತು ಸುತ್ತಾಗಿ ಇಳಿದು, ಹಿಮ್ಮಡಿ ತಿರುಗಿಸಿ, ಪಾದ ಮುಗಿಸಿ ಬೆರಳಿನ ಹತ್ತಿರ ಬರುವಾಗ ಎರಡೂ ಪಕ್ಕದಲ್ಲಿ ಕುಣಿಕೆ ಕಡಿಮೆ ಮಾಡುತ್ತಾ ಹೋಗುತ್ತೇವೆ. ಕೊನೆಗೆ ಒಂದು ಕಡ್ಡಿಯ ಮೇಲೆ 8 ಕುಣಿಕೆ, ಇನ್ನೊಂದರ ಮೇಲೆ 8 ಕುಣಿಕೆ ಉಳಿಯುತ್ತವೆ ಅಂತಿಟ್ಟುಕೊಳ್ಳಿ. ಎಲ್ಲವೂ ತೆರೆದ ಕುಣಿಕೆಗಳು. ಕಡ್ಡಿ ಜಾರಿದರೆ ಬಿಚ್ಚಿಕೊಳ್ಳುತ್ತವೆ. ಈ ಬಾಯಿಯನ್ನು ಮುಚ್ಚುವುದು ಹೇಗೆ?

ಸುಲಭದ ದಾರಿಗಳಿವೆ. ಎಲ್ಲ ಕುಣಿಕೆಗಳ ಒಳಗೂ ದಾರ ತೂರಿಸಿ ಎಳೆದುಬಿಟ್ಟರೆ ಮುಚ್ಚಿಕೊಳ್ಳುತ್ತದೆ, ಆದರೆ ತುದಿಯಲ್ಲಿ ಗುಬುಟು ನಿಲ್ಲುತ್ತದೆ. ಮೂರು ಕಡ್ಡಿ ಹಿಡಿದು ಎರಡೂ ಕಡೆಯ ಕುಣಿಕೆಗಳನ್ನು ಸೇರಿಸಿ ಮುಗಿಸಿದರೆ ಒಳಗಡೆ ಉದ್ದಕ್ಕೂ ಒಂದು ದಪ್ಪ ಅಂಚು ಉಳಿಯುತ್ತದೆ. ಶೂ ಹಾಕಿಕೊಂಡು ದಿನವಿಡೀ ನಡೆದರೆ ಅದು ಬೆರಳಿಗೆ ಒತ್ತುತ್ತದೆ.

ಮೂರನೆಯ ದಾರಿ ಈ ಹೊಲಿಗೆ. ಮುಚ್ಚಬೇಕಾದ ಅಗಲದ ಮೂರರಷ್ಟಾದರೂ ಉಲ್ಲನ್ ದಾರ ಉಳಿಸಿಕೊಂಡು ಕತ್ತರಿಸಬೇಕು. ಅದನ್ನು ದಪ್ಪ, ಮೊಂಡು ಸೂಜಿಗೆ ಪೋಣಿಸಬೇಕು. ಕಡ್ಡಿಗಳನ್ನು ಎದುರುಬದುರು, ಒಂದಕ್ಕೊಂದು ಅಂಟಿದ ಹಾಗೆ ಹಿಡಿಯಬೇಕು. ಶುರುವಿಗೆ ಮುಂದಿನ ಕಡ್ಡಿಯ ಮೊದಲ ಕುಣಿಕೆಗೆ ಪರ್ಲ್ (ಉಲ್ಟಾ ಹೆಣಿಗೆ) ಮಾಡುವ ಹಾಗೆ ಸೂಜಿ ಹಾಕಿ ಕುಣಿಕೆಯನ್ನು ಕಡ್ಡಿಯ ಮೇಲೇ ಬಿಡಬೇಕು. ಹಿಂದಿನದಕ್ಕೆ ನಿಟ್ (ಸೀದಾ ಹೆಣಿಗೆ) ಮಾಡುವ ಹಾಗೆ ಹಾಕಿ ಅದನ್ನೂ ಬಿಡಬೇಕು. ಆಮೇಲೆ ಲಯ ಶುರುವಾಗುತ್ತದೆ. ಮುಂದಿನ ಕಡ್ಡಿಯಲ್ಲಿ ನಿಟ್, ತೆಗಿ, ಪರ್ಲ್, ಬಿಡು. ಹಿಂದಿನ ಕಡ್ಡಿಯಲ್ಲಿ ಪರ್ಲ್, ತೆಗಿ, ನಿಟ್, ಬಿಡು. ನಾನು ಇದನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಹಾಕುವುದು. ಮಧ್ಯೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ, ಮನೆಯವರಿಗೆ ಅಭ್ಯಾಸವಾಗಿದೆ. ಪ್ರತಿ ಕುಣಿಕೆ ಎರಡು ಸಲ ಸೂಜಿ ಕಾಣುತ್ತದೆ, ಎರಡನೆಯ ಸಲ ಕಡ್ಡಿ ಬಿಡುತ್ತದೆ. ಸೂಜಿಯ ದಾರ ಎರಡು ಕಡ್ಡಿಗಳ ನಡುವೆ ಇನ್ನೊಂದು ಹೊಸ ಸಾಲನ್ನೇ ಕಟ್ಟುತ್ತಾ ಹೋಗುತ್ತದೆ. ಮುಗಿಸಿ, ದಾರದ ಬಿಗಿ ಸರಿಮಾಡಿದರೆ ಎಲ್ಲಿ ಸೇರಿಸಿದ್ದು ಅಂತ ಹಾಕಿದವರಿಗೇ ಹುಡುಕಬೇಕಾಗುತ್ತದೆ.

ಈಗ ಹೆಸರಿನ ಕಥೆಗೆ ಬರೋಣ. ಎಲ್ಲ ಕಡೆ ಹೇಳುವ ಕಥೆ ಹೀಗಿದೆ. ಮೊದಲ ಮಹಾಯುದ್ಧದ ಸಮಯ. ಕಂದಕಗಳಲ್ಲಿದ್ದ ಸೈನಿಕರ ಬೆರಳುಗಳನ್ನು ಸಾಕ್ಸ್‌ನ ದಪ್ಪ ಅಂಚು ಉಜ್ಜಿ ಹುಣ್ಣು ಮಾಡುತ್ತಿತ್ತು. ಬ್ರಿಟನ್ನಿನ ಯುದ್ಧಮಂತ್ರಿ ಲಾರ್ಡ್ ಕಿಚನರ್ ಅಂಚಿಲ್ಲದ ತುದಿಯನ್ನು ತಾನೇ ಯೋಚಿಸಿ ಕಂಡುಹಿಡಿದ, ಹೆಂಗಸರಿಗೆ ಹಾಗೇ ಹೆಣೆಯಿರಿ ಅಂತ ಹೇಳಿದ.

ಇದರಲ್ಲಿ ಒಂದಷ್ಟು ನಿಜ ಇದೆ. 1914ರ ಆಗಸ್ಟ್‌ನಲ್ಲಿ ಕಿಚನರ್ ಯುದ್ಧಮಂತ್ರಿಯಾದ. ಬೆರಳು ತೋರಿಸಿ ಸೈನ್ಯಕ್ಕೆ ಕರೆಯುವ, ದಪ್ಪ ಮೀಸೆಯ ಆ ಪೋಸ್ಟರ್ ನೀವೂ ನೋಡಿರುತ್ತೀರಿ, ಅದು ಇದೇ ಕಿಚನರ್‌ನ ಮುಖ. ಲಕ್ಷಾಂತರ ಹುಡುಗರು ಸೇರಿದರು, ಹಾಕಿಕೊಳ್ಳಲು ಸಾಕ್ಸ್ ಸಾಲದಾಯಿತು. ಸೈನಿಕರಿಗೆ 3 ಲಕ್ಷ ಜೊತೆ ಸಾಕ್ಸ್ ಬೇಕು ಅಂತ ಆತನ ಕಡೆಯಿಂದ ರಾಣಿ ಮೇರಿಗೆ ಕೋರಿಕೆ ಹೋಯಿತು. ರಾಣಿ ಸಾಮ್ರಾಜ್ಯದ ಹೆಂಗಸರಿಗೆಲ್ಲ ಕರೆ ಕೊಟ್ಟರು. ಆಮೇಲೆ ಅಮೆರಿಕ ಯುದ್ಧಕ್ಕೆ ಇಳಿದಾಗ ಅಲ್ಲಿ ರೆಡ್ ಕ್ರಾಸ್ ಇದೇ ಕೆಲಸವನ್ನು ಕೈಗೆತ್ತಿಕೊಂಡಿತು, ಶಾಲೆಯ ಮಕ್ಕಳೂ ಹೆಣೆದರು.

ಸಾಕ್ಸ್ ಆಗ ಸಣ್ಣ ವಿಷಯವಾಗಿರಲಿಲ್ಲ. ಕಂದಕದ ಕೆಸರುನೀರಿನಲ್ಲಿ ಗಂಟೆಗಟ್ಟಲೆ ನಿಂತು ಕಾಲು ಮರಗಟ್ಟಿ, ಊದಿ, ಕಪ್ಪಾಗಿ ಕೊಳೆಯುತ್ತಿತ್ತು. ಟ್ರೆಂಚ್ ಫುಟ್ ಅಂತ ಅದಕ್ಕೆ ಹೆಸರು. ಜಾಸ್ತಿಯಾದರೆ ಬೆರಳು, ಪಾದ ಕತ್ತರಿಸಬೇಕಾಗುತ್ತಿತ್ತು. 1914-15ರ ಚಳಿಗಾಲ ಒಂದರಲ್ಲೇ ಬ್ರಿಟಿಷ್ ಸೈನ್ಯದಲ್ಲಿ ಸುಮಾರು 20 ಸಾವಿರ ಜನ ಇದಕ್ಕೆ ತುತ್ತಾದರು. ಕಾಲಿಗೆ ತಿಮಿಂಗಿಲದ ಎಣ್ಣೆ ಹಚ್ಚಿಕೊಳ್ಳಿ, ಒದ್ದೆ ಸಾಕ್ಸ್ ತೆಗೆದು ಒಣಗಿದ್ದು ಹಾಕಿಕೊಳ್ಳಿ ಅಂತ ಆಜ್ಞೆ ಇತ್ತು. ಒಂದು ಜೊತೆ ಒಣ ಸಾಕ್ಸ್ ಅಂದರೆ ಒಬ್ಬ ಹುಡುಗನ ಪಾದ ಉಳಿದಂತೆ. ಹೆಣೆದ ಹೆಂಗಸರ ಬಗ್ಗೆ ನನಗೆ ಗೌರವ ಇದೆ, ತುಂಬಾನೇ ಇದೆ.

ಆದರೆ ಕಿಚನರ್ ಈ ಹೊಲಿಗೆಯನ್ನು ಕಂಡುಹಿಡಿದ ಅನ್ನುವುದಕ್ಕೆ ಆ ಕಾಲದ ಪುರಾವೆ ಇಲ್ಲ. ತೆರೆದ ಕುಣಿಕೆಗಳನ್ನು ಸೂಜಿಯಿಂದ ಕಾಣದ ಹಾಗೆ ಸೇರಿಸುವ ಈ ಕೈಚಳಕ 19ನೇ ಶತಮಾನದ ಹೊಲಿಗೆ ಪುಸ್ತಕಗಳಲ್ಲೇ ಇದೆ. ಸಾಕ್ಸ್ ಹರಿದಾಗ ಹಾಳಾದ ಭಾಗ ಬಿಚ್ಚಿ ಹೊಸದನ್ನು ಸೇರಿಸಲು ಹೆಂಗಸರು ಅದನ್ನು ಬಳಸುತ್ತಿದ್ದರು. ಉಲ್ಲನ್ ದುಬಾರಿ, ಹರಿದದ್ದನ್ನು ಎಸೆಯುವ ಹಾಗಿರಲಿಲ್ಲ. ಮನೆಮನೆಯ ಬಡತನದಿಂದ ಹುಟ್ಟಿದ ಜಾಣ್ಮೆ ಅದು. ಅದರ ಮೇಲೆ ಯುದ್ಧಕಾಲದಲ್ಲಿ ಒಬ್ಬ ದೊಡ್ಡ ಮನುಷ್ಯನ ಹೆಸರು ಕೂತುಬಿಟ್ಟಿತು.

ಇನ್ನೊಂದು ವಿಷಯ ಇದೆ. ಕಿಚನರ್ ಯಾವ ದೇಶದ ಸೇನಾಪತಿಯೋ ಆ ಬ್ರಿಟನ್ನಿನಲ್ಲೇ ಹೆಣೆಯುವವರು ಹೆಚ್ಚಾಗಿ ಈ ಹೆಸರು ಬಳಸುವುದಿಲ್ಲ. ಅವರು ಗ್ರಾಫ್ಟಿಂಗ್ ಅನ್ನುತ್ತಾರೆ. ಜರ್ಮನರು ಮಾಶನ್‌ಸ್ಟಿಚ್ ಅನ್ನುತ್ತಾರೆ, ಕುಣಿಕೆ ಹೊಲಿಗೆ ಅಂದಹಾಗೆ. ಕಿಚನರ್ ಅನ್ನುವುದು ಮುಖ್ಯವಾಗಿ ಅಮೆರಿಕದಲ್ಲಿ ನಿಂತ ಹೆಸರು. ಈಗ ಪ್ಯಾಟರ್ನ್, ವಿಡಿಯೋ ಎಲ್ಲ ಅಲ್ಲಿಂದಲೇ ಜಾಸ್ತಿ ಬರುವುದರಿಂದ ನಮ್ಮ ಬಾಯಿಗೂ ಬಂತು. ಅಂದರೆ ಇದನ್ನು ಬಿಟ್ಟರೆ ಯಾರ ಅಜ್ಜಿಯ ಕಾಲದ ಸಂಪ್ರದಾಯವೂ ಮುರಿಯುವುದಿಲ್ಲ.

ಸರಿ, ಸುಳ್ಳು ಕೀರ್ತಿ ಅನ್ನುವುದೊಂದೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಯಾವ ಯಾವುದಕ್ಕೋ ಯಾರ ಯಾರದೋ ಹೆಸರು ಇರುತ್ತದೆ. ಮುಂದೆ ಗುಂಡಿ ಹಾಕುವ ಸ್ವೆಟರಿಗೆ ಇರುವ ಕಾರ್ಡಿಗನ್ ಅನ್ನುವ ಹೆಸರು ಕ್ರಿಮಿಯಾ ಯುದ್ಧದಲ್ಲಿ ಕುದುರೆಪಡೆ ನಡೆಸಿದ ಒಬ್ಬ ಅರ್ಲ್‌ನ ಬಿರುದು. ಕುತ್ತಿಗೆಯಿಂದಲೇ ಶುರುವಾಗುವ ರಗ್ಲಾನ್ ತೋಳಿನ ರಗ್ಲಾನ್, ಅದೇ ಯುದ್ಧದ ಸೇನಾಪತಿ. ನಾವು ಮಂಕಿ ಕ್ಯಾಪ್ ಅನ್ನುವ ಟೋಪಿಗೆ ಇಂಗ್ಲಿಷಿನವರು ಇಟ್ಟ ಬಾಲಕ್ಲಾವಾ ಅನ್ನುವುದು ಆ ಯುದ್ಧದ ಒಂದು ಕದನ ನಡೆದ ಊರು. ಇವನ್ನೆಲ್ಲ ಬದಲಾಯಿಸಿ ಅಂತ ನಾನು ಹೇಳುತ್ತಿಲ್ಲ. ಕಿಚನರ್ ವಿಷಯ ಬೇರೆ.

ಈತ ಐರ್ಲೆಂಡಿನಲ್ಲಿ 1850ರಲ್ಲಿ ಹುಟ್ಟಿದವನು. 1898ರಲ್ಲಿ ಸುಡಾನಿನ ಓಮ್ದುರ್ಮಾನ್ ಯುದ್ಧ ಗೆದ್ದು ಹೆಸರು ಮಾಡಿದ. ಗೆದ್ದ ಮೇಲೆ ಅಲ್ಲಿಯ ಜನ ಪೂಜ್ಯನೆಂದು ಕಾಣುತ್ತಿದ್ದ ಮಹದಿಯ ಗೋರಿಯನ್ನು ಒಡೆಸಿ ಮೂಳೆಗಳನ್ನು ನೈಲ್ ನದಿಗೆ ಹಾಕಿಸಿದ. ಅಲ್ಲಿಂದ ದಕ್ಷಿಣ ಆಫ್ರಿಕಾಕ್ಕೆ, ಬೋಯರ್ ಯುದ್ಧಕ್ಕೆ. ಬೋಯರ್ ಅಂದರೆ ಅಲ್ಲಿ ನೆಲೆಸಿದ್ದ ಡಚ್ ಮೂಲದ ರೈತರು. 1900ರ ಕೊನೆಯಲ್ಲಿ ಕಿಚನರ್ ಅಲ್ಲಿಯ ಬ್ರಿಟಿಷ್ ಸೇನೆಯ ಮುಖ್ಯಸ್ಥನಾದ. ಬೋಯರ್ ಗಂಡಸರು ಅಡಗಿ ಕೂತು ಹೊಡೆಯುತ್ತಿದ್ದರು, ಸಿಗುತ್ತಿರಲಿಲ್ಲ. ಅವರಿಗೆ ಅನ್ನ ನೀರು ಸಿಗದ ಹಾಗೆ ಮಾಡಲು ಹೊಲ ಸುಟ್ಟರು, ದನಕರು ಕೊಂದರು. ಸುಮಾರು 30 ಸಾವಿರ ತೋಟದ ಮನೆಗಳಿಗೆ ಬೆಂಕಿ ಬಿತ್ತು. ಮನೆ ಸುಡುವುದು ಕಿಚನರ್‌ಗಿಂತ ಹಿಂದಿನ ಸೇನಾಪತಿಯ ಕಾಲದಲ್ಲೇ ಶುರುವಾಗಿತ್ತು. ಅದನ್ನು ಇಡೀ ನಾಡಿಗೆ ಹರಡಿ ಪದ್ಧತಿ ಮಾಡಿದವನು ಈತ.

ಮನೆ ಕಳೆದುಕೊಂಡ ಹೆಂಗಸರು, ಮಕ್ಕಳು, ಮುದುಕರನ್ನು ಬೇಲಿ ಹಾಕಿದ ಡೇರೆಗಳ ಕ್ಯಾಂಪಿಗೆ ತುಂಬಿದರು. ಗಂಡಸರು ಶರಣಾಗದ ಕುಟುಂಬಗಳಿಗೆ ಮೊದಮೊದಲು ರೇಷನ್ನೂ ಕಡಿಮೆ ಕೊಡುತ್ತಿದ್ದರು. ಗಂಡ ಇನ್ನೂ ಹೋರಾಡುತ್ತಿದ್ದಾನೆ ಅನ್ನುವ ತಪ್ಪಿಗೆ ಕೂಸಿನ ತಟ್ಟೆಯಿಂದ ಕಿತ್ತುಕೊಂಡದ್ದು. ಸೋಪಿಲ್ಲ, ಒಳ್ಳೆಯ ನೀರಿಲ್ಲ. ದಡಾರ ಬಂತು, ಟೈಫಾಯ್ಡ್ ಬಂತು. ಸುಮಾರು 28 ಸಾವಿರ ಬೋಯರ್ ಜನ ಕ್ಯಾಂಪ್‌ಗಳಲ್ಲಿ ಸತ್ತರು. ಅದರಲ್ಲಿ ಸುಮಾರು 22 ಸಾವಿರ 16 ವರ್ಷದೊಳಗಿನ ಮಕ್ಕಳು. ಕಪ್ಪು ಜನರಿಗೆ ಬೇರೆ ಕ್ಯಾಂಪ್‌ಗಳಿದ್ದವು. ಅಲ್ಲಿ ಸತ್ತವರ ಲೆಕ್ಕವನ್ನು ಸರಿಯಾಗಿ ಇಡುವ ತಾಳ್ಮೆಯೂ ಯಾರಿಗೂ ಇರಲಿಲ್ಲ. ದಾಖಲೆಯಲ್ಲಿ ಸಿಕ್ಕಿದ್ದೇ 14 ಸಾವಿರಕ್ಕೂ ಹೆಚ್ಚು.

ಬ್ಲೂಮ್‌ಫಾಂಟೇನ್ ಕ್ಯಾಂಪಿನಲ್ಲಿದ್ದ ಲಿಜ್ಜಿ ಫಾನ್ ಜೈಲ್ ಅನ್ನುವ 7 ವರ್ಷದ ಹುಡುಗಿಯ ಫೋಟೊ ಇದೆ. ಹುಡುಕಿದರೆ ಸಿಗುತ್ತದೆ, ಆದರೆ ಗಟ್ಟಿ ಮನಸ್ಸಿದ್ದರೆ ಮಾತ್ರ ನೋಡಿ. ಪಕ್ಕೆಲುಬು ಎಣಿಸಬಹುದು. ಕೈಯಲ್ಲೊಂದು ಗೊಂಬೆ. 1901ರಲ್ಲಿ ಆ ಮಗು ಅಲ್ಲೇ ಸತ್ತಿತು.

ನಮ್ಮ ಬಳ್ಳಾರಿಗೂ ಈ ಯುದ್ಧದ ನಂಟಿದೆ. ಸೆರೆಸಿಕ್ಕ ಬೋಯರ್ ಗಂಡಸರನ್ನು ಬ್ರಿಟಿಷರು ಹಡಗು ಹತ್ತಿಸಿ ದೂರ ದೂರದ ವಸಾಹತುಗಳಿಗೆ ಕಳಿಸಿದರು. ಸುಮಾರು 9 ಸಾವಿರ ಜನ ಭಾರತಕ್ಕೆ ಬಂದರು. ಅಹ್ಮದ್‌ನಗರ, ತಿರುಚ್ಚಿ ಮುಂತಾದ ಊರುಗಳ ಜೊತೆಗೆ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯಲ್ಲೂ ಅವರ ಸೆರೆಶಿಬಿರ ಇತ್ತು. ಬಳ್ಳಾರಿ ಬಿಸಿಲು ಎಂಥದ್ದು ಅಂತ ನಮಗೆ ಹೇಳಬೇಕಾ? ಇಲ್ಲಿ ಇವರು, ಅಲ್ಲಿ ಡೇರೆಗಳಲ್ಲಿ ಇಂಥವರ ಹೆಂಡತಿ ಮಕ್ಕಳು. ಯುದ್ಧ ಮುಗಿದ 1902ರಲ್ಲೇ ಕಿಚನರ್ ಭಾರತದ ಸೇನೆಯ ದಂಡನಾಯಕನಾಗಿ ಬಂದು 1909ರವರೆಗೆ ಇದ್ದ. ವೈಸ್‌ರಾಯ್ ಕರ್ಜನ್ ಜೊತೆ ಅಧಿಕಾರಕ್ಕಾಗಿ ಗುದ್ದಾಡಿದ, ಕೊನೆಗೆ ಕರ್ಜನ್ನೇ ರಾಜೀನಾಮೆ ಕೊಟ್ಟು ಹೋಗಬೇಕಾಯಿತು.

ಮಕ್ಕಳ ಕಾಲು ಬೆಚ್ಚಗಿರಲಿ ಅಂತ ನಾವು ಸಾಕ್ಸ್ ಹೆಣೆಯುತ್ತೇವೆ. ಅದರ ಕೊನೆಯ ಸಾಲಿಗೆ ಈ ಹೆಸರು ಇರಬೇಕಾ? ನನ್ನ ಮನಸ್ಸು ಒಪ್ಪುವುದಿಲ್ಲ.

ಅದೇ ಬೋಯರ್ ಯುದ್ಧದಲ್ಲಿ ಉಲ್ಲನ್ನಿಗೆ ನಿಜವಾಗಿ ನಂಟಿರುವ ಇನ್ನೊಬ್ಬರು ಇದ್ದಾರೆ. ನಾನು ಇದನ್ನು ಬರೆಯಲು ಕೂತದ್ದೇ ಅರ್ಧ ಅವರಿಗಾಗಿ. ಎಮಿಲಿ ಹಾಬ್‌ಹೌಸ್. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಪಾದ್ರಿಯ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು. ನೊಂದವರಿಗೆ ಹಣ, ಬಟ್ಟೆ ಕೂಡಿಸಿಕೊಂಡು 1900ರ ಡಿಸೆಂಬರ್‌ನಲ್ಲಿ ಕೇಪ್‌ಟೌನಿಗೆ ಹೋದರು. ಜನವರಿಯಲ್ಲಿ ಬ್ಲೂಮ್‌ಫಾಂಟೇನ್ ಕ್ಯಾಂಪ್ ನೋಡಿದರು. ಲಿಜ್ಜಿಯ ಕೈಯಲ್ಲಿದ್ದ ಗೊಂಬೆ ಇವರೇ ಕೊಟ್ಟದ್ದು. ಒಂದೊಂದೇ ಡೇರೆಗೆ ಹೋಗಿ ಕಂಡದ್ದನ್ನು ಬರೆದುಕೊಂಡರು. ಇಂಗ್ಲೆಂಡಿಗೆ ವಾಪಸು ಬಂದು 1901ರ ಜೂನ್‌ನಲ್ಲಿ ವರದಿ ಹೊರತಂದರು. ದೊಡ್ಡ ಗದ್ದಲ ಎದ್ದಿತು. ಸ್ವಂತ ದೇಶದ ಜನರೇ ದೇಶದ್ರೋಹಿ ಅಂದರು. ಕಿಚನರ್ ಅವರನ್ನು 'ಆ ಹಾಳು ಹೆಂಗಸು' ಅಂತ ಬೈಯುತ್ತಿದ್ದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮತ್ತೆ ಹೋದಾಗ ಕೇಪ್‌ಟೌನಿನಲ್ಲಿ ನೆಲಕ್ಕೆ ಕಾಲಿಡಲೂ ಬಿಡದೆ ವಾಪಸು ಕಳಿಸಿದರು. ಆದರೆ ಅವರು ಹೇಳಿದ್ದು ನಿಜ ಅಂತ ಸರ್ಕಾರವೇ ಕಳಿಸಿದ ಹೆಂಗಸರ ಸಮಿತಿಗೂ ಒಪ್ಪಬೇಕಾಯಿತು. ಕ್ಯಾಂಪ್‌ಗಳು ಸುಧಾರಿಸಿ ಸಾವು ಇಳಿಯಿತು.

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಯುದ್ಧ ಮುಗಿದಿತ್ತು. ಮನೆ ಸುಟ್ಟಿದೆ, ದನ ಇಲ್ಲ, ಉತ್ತು ಬಿತ್ತಲು ಏನೂ ಇಲ್ಲ. ಹೆಣ್ಣುಮಕ್ಕಳು ಮನೆಯಲ್ಲೇ ಕೂತು ಏನು ಮಾಡಿ ನಾಲ್ಕು ಕಾಸು ಸಂಪಾದಿಸಬಹುದು ಅಂತ ಎಮಿಲಿ ಯೋಚಿಸಿದರು. ಆ ನಾಡಿನಲ್ಲಿ ಕುರಿ ಇತ್ತು, ಉಣ್ಣೆ ಇತ್ತು. ಉಣ್ಣೆ ನೂಲುವುದು, ನೇಯುವುದು ಗೊತ್ತಿರಲಿಲ್ಲ. ಎಮಿಲಿಗೂ ಗೊತ್ತಿರಲಿಲ್ಲ. ಮೊದಲು ತಾವು ಹೋಗಿ ಕಲಿತರು. ಆಮೇಲೆ ರಾಟೆ, ಮಗ್ಗ ತಗೊಂಡು ಬಂದು 1905ರಲ್ಲಿ ಫಿಲಿಪೊಲಿಸ್ ಅನ್ನುವ ಸಣ್ಣ ಊರಿನಲ್ಲಿ ಶಾಲೆ ತೆರೆದರು. ಹೆಣ್ಣುಮಕ್ಕಳು ಉಣ್ಣೆ ಹಿಂಜಿ, ನೂತು, ಬಣ್ಣ ಹಾಕಿ ಕಂಬಳಿ, ಜಮಖಾನ ನೇಯುವುದು ಕಲಿತರು. ಬೇರೆ ಊರುಗಳಲ್ಲೂ ಇಂಥ ಶಾಲೆಗಳಾದವು, ಲೇಸ್ ಕಲಿಸುವ ಶಾಲೆಯೂ ಆಯಿತು.

ಗಾಂಧೀಜಿಗೂ ಅವರಿಗೂ ಪರಿಚಯ ಇತ್ತು. 1914ರಲ್ಲಿ ದಕ್ಷಿಣ ಆಫ್ರಿಕಾದ ಭಾರತೀಯರ ಹಕ್ಕಿಗಾಗಿ ಗಾಂಧೀಜಿ ಅಲ್ಲಿಯ ಸರ್ಕಾರದ ಮಂತ್ರಿ ಸ್ಮಟ್ಸ್ ಜೊತೆ ಮಾತುಕತೆ ನಡೆಸುವಾಗ ಎಮಿಲಿ ನಡುವೆ ನಿಂತು ಸಹಾಯ ಮಾಡಿದರು. 1926ರಲ್ಲಿ ಅವರು ತೀರಿಕೊಂಡಾಗ ಗಾಂಧೀಜಿ ತಮ್ಮ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಅವರನ್ನು ನೆನೆದು ಬರೆದರು.

ಬ್ಲೂಮ್‌ಫಾಂಟೇನ್‌ನಲ್ಲಿ ಕ್ಯಾಂಪ್‌ಗಳಲ್ಲಿ ಸತ್ತವರ ನೆನಪಿಗೆ ಒಂದು ಸ್ಮಾರಕ ಇದೆ. 1913ರ ಡಿಸೆಂಬರ್‌ನಲ್ಲಿ ಅದು ತೆರೆದಾಗ ಎಮಿಲಿ ಕಾಯಿಲೆಯಿಂದ ಅಲ್ಲಿಯವರೆಗೆ ಹೋಗಲಾಗಲಿಲ್ಲ, ಭಾಷಣ ಬರೆದು ಕಳಿಸಿದ್ದರು. ತಮ್ಮದಲ್ಲದ ಜಗಳದಲ್ಲಿ ಸತ್ತ ಸಾವಿರಾರು ಕಪ್ಪು ಜನರನ್ನೂ ಇವತ್ತು ನೆನೆಯುವುದು ನ್ಯಾಯವಲ್ಲವೇ ಅಂತ ಅದರಲ್ಲಿ ಕೇಳಿದ್ದರು. ಬೋಯರ್ ಜನ ತಮ್ಮ ಸಂಕಟವನ್ನಷ್ಟೇ ನೆನೆಯುತ್ತಾ, ಮುಂದೆ ಅದೇ ಕಪ್ಪು ಜನರನ್ನು ದಶಕಗಳ ಕಾಲ ತುಳಿದರು. ಎಮಿಲಿ ಅಂದು ಕೇಳಿದ ಪ್ರಶ್ನೆಯ ತೂಕ ಈಗ ಗೊತ್ತಾಗುತ್ತದೆ, ಅಲ್ವಾ? ಅವರ ಚಿತಾಭಸ್ಮ ಅದೇ ಸ್ಮಾರಕದ ಬುಡದಲ್ಲಿದೆ.

ಇಷ್ಟೆಲ್ಲ ಹೇಳಿದ ಮೇಲೆ ಬರುವ ಮಾತು ನನಗೆ ಗೊತ್ತು. ಹೆಸರು ಬದಲಾಯಿಸಿದರೆ ಇತಿಹಾಸ ಅಳಿಸಿದ ಹಾಗೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇಷ್ಟು ವರ್ಷ ಆ ಹೆಸರು ನಮ್ಮ ಪ್ಯಾಟರ್ನ್‌ಗಳಲ್ಲಿ ಇತ್ತಲ್ಲ, ಅದರಿಂದ ಯಾರು ಯಾವ ಇತಿಹಾಸ ಕಲಿತರು? ಸೈನಿಕರ ಮೇಲೆ ಕರುಣೆಯಿಂದ ಹೊಲಿಗೆ ಕಂಡುಹಿಡಿದ ಒಳ್ಳೆಯ ಸೇನಾಪತಿ ಅನ್ನುವ ಕಥೆ ಮಾತ್ರ ಕಲಿತರು. ಈ ಹೆಸರು ಬೇಡ ಅಂತ ಹೊರದೇಶದ ಹೆಣೆಯುವವರು ಈಚಿನ ವರ್ಷಗಳಲ್ಲಿ ಮಾತೆತ್ತಿದ ಮೇಲೆಯೇ ಎಷ್ಟೋ ಜನ ಬೋಯರ್ ಕ್ಯಾಂಪ್‌ಗಳ ಬಗ್ಗೆ ಮೊದಲ ಸಲ ಓದಿದ್ದು. ನಾನೂ ಆಗಲೇ ಓದಿದ್ದು. ಅಲ್ಲಿಯ ಬಹಳಷ್ಟು ವಿನ್ಯಾಸಕಾರರು ಈಗ ಗ್ರಾಫ್ಟಿಂಗ್ ಅಂತಲೇ ಬರೆಯುತ್ತಾರೆ.

ಇನ್ನು ಕೆಲವರು, ಸುಮ್ನೆ ಒಂದು ಸಾಕ್ಸ್ ವಿಷಯಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ ಅನ್ನುತ್ತಾರೆ. ಹೆಣೆಯುವುದು ನನಗೆ ಸುಮ್ನೆ ಅಲ್ಲ. ಪ್ರತಿ ಜೊತೆಗೂ ಎರಡು ಸಲ ನಾನು ಈ ಹೊಲಿಗೆ ಹಾಕುತ್ತೇನೆ. ಕಲಿಸುವಾಗ ಹೆಸರು ಹೇಳುತ್ತೇನೆ. ಕೇಳಿದವರು ಇನ್ನೊಬ್ಬರಿಗೆ ಹೇಳುತ್ತಾರೆ. ಹೆಣೆಯುವವರ ಮಾತು ಹಾಗೆಯೇ ತಾನೇ ಉಳಿಯುವುದು?

ಹಾಗಾದರೆ ಏನನ್ನಬೇಕು? ಗ್ರಾಫ್ಟಿಂಗ್ ಸಾಕು. ಮಾವಿನ ಗಿಡಕ್ಕೆ ಕಸಿ ಕಟ್ಟುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಮಾತು. ಎರಡು ತುಂಡು ಒಂದೇ ಆಗಿ ಬೆಳೆದಂತೆ ಸೇರುವುದರಿಂದ ಆ ಹೆಸರು. ಕನ್ನಡದಲ್ಲಿ ಕಸಿ ಹೊಲಿಗೆ ಅಂತ ಯಾರಾದರೂ ಹೇಳಿದರೆ ನನಗೆ ಖುಷಿಯೇ, ಒತ್ತಾಯ ಇಲ್ಲ. ಎಮಿಲಿ ಹೆಸರನ್ನು ಇದಕ್ಕೆ ಇಡಿ ಅಂತಲೂ ನಾನು ಕೇಳುವುದಿಲ್ಲ, ಅವರೂ ಇದನ್ನು ಕಂಡುಹಿಡಿದವರಲ್ಲ. ಹೆಸರು ಬರೆದಿಡದ ಹೆಂಗಸರ ಕೆಲಸಕ್ಕೆ ಕೆಲಸದ ಹೆಸರೇ ಇರಲಿ.

ನಮ್ಮ ಗುಂಪಿನಲ್ಲಿ ಇನ್ನುಮೇಲೆ ಗ್ರಾಫ್ಟಿಂಗ್ ಅಂತಲೇ ಹೇಳುವುದು ಅಂತ ಮಾತಾಡಿಕೊಂಡಿದ್ದೇವೆ. ಹಳೆಯ ಪ್ಯಾಟರ್ನ್ ಓದುವಾಗ ತೊಡಕಾಗದಿರಲಿ ಅಂತ, ಹೊಸಬರಿಗೆ ಆ ಇನ್ನೊಂದು ಹೆಸರನ್ನೂ ಅದರ ಕಥೆಯನ್ನೂ ಒಂದು ಸಲ ಹೇಳುತ್ತೇವೆ. ಕನ್ನಡದಲ್ಲಿ ಪ್ಯಾಟರ್ನ್ ಬರೆಯುವವರು, ಹೆಣಿಗೆ ವಿಡಿಯೋ ಮಾಡುವವರು ಇಲ್ಲಿ ಇದ್ದರೆ, ನೀವೂ ಹಾಗೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಬೆರಳ ತುದಿ ಮುಚ್ಚುವುದನ್ನು ನಿಧಾನವಾಗಿ ತೋರಿಸುವ ಒಂದು ವಿಡಿಯೋ ಮುಂದಿನ ವಾರ ಹಾಕುತ್ತೇನೆ. ದಪ್ಪ ಉಲ್ಲನ್, ತಿಳಿ ಬಣ್ಣದ್ದು ತಗೊಂಡಿರಿ. ಕಪ್ಪು ಉಲ್ಲನ್ನಿನಲ್ಲಿ ಮೊದಲ ಸಲ ಕಲಿಯಲು ಹೋದರೆ ಕುಣಿಕೆ ಕಾಣುವುದಿಲ್ಲ.